ಬಿಳಿ ಪಂಚೆ ಬೂದು, ಕರಿ ಹೂದಾನಿಯೂ ಬೂದು: ಕ್ಯಾಮೆರಾ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಳಕಿನ ಅಳತೆ ಮತ್ತು ಬಣ್ಣದ ನಿಖರತೆಗೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಏಳಕ್ಕೆ ಇಳಿಸಿದ್ದೇವೆ. ಉತ್ತರಗಳಲ್ಲಿ ‘ಸ್ಟಾಪ್’ ಎಂದು ಬಂದಲ್ಲೆಲ್ಲ ಬೆಳಕು ಇಮ್ಮಡಿಯಾಗುವುದು ಅಥವಾ ಅರ್ಧಕ್ಕೆ ಇಳಿಯುವುದು ಎಂದು ಓದಿಕೊಳ್ಳಿ.

ಪ್ರ: ನಮ್ಮದು ಇಳಕಲ್ ಸೀರೆ ವ್ಯಾಪಾರ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿ ಮಾರುತ್ತೇವೆ. ‘ಫೋಟೊದಾಗ ಇದ್ದ ಬಣ್ಣಾನೇ ಬ್ಯಾರೆ, ಕೈಗೆ ಬಂದದ್ದೇ ಬ್ಯಾರೆ’ ಎಂದು ಸೀರೆಗಳು ವಾಪಸ್ ಬರುತ್ತಿವೆ. ಸೆರಗಿನ ಕೆಂಪಂತೂ ಮುದ್ದೆಯಾಗಿ, ನೇಯ್ಗೆಯೇ ಕಾಣುವುದಿಲ್ಲ. ಕ್ಯಾಮೆರಾ ಒಳ್ಳೆಯದೇ ಇದೆ. ತಪ್ಪು ಎಲ್ಲಿ?
— ಸೀರೆ ವ್ಯಾಪಾರಿ, ಇಳಕಲ್

ಉ: ಇಲ್ಲಿ ಎರಡು ರೋಗಗಳಿವೆ. ಬಣ್ಣ ಬದಲಾಗುವುದು ಬೆಳಕಿನ ದೋಷ, ಕೆಂಪು ಮುದ್ದೆಯಾಗುವುದು ಎಕ್ಸ್‌ಪೋಷರ್‌ನ, ಅಂದರೆ ಕ್ಯಾಮೆರಾ ಒಳಗೆ ಬಿಟ್ಟುಕೊಂಡ ಬೆಳಕಿನ ಪ್ರಮಾಣದ, ದೋಷ. ಎರಡಕ್ಕೂ ಒಂದೇ ಮದ್ದು ಹುಡುಕಿದರೆ ಸಿಗದು.

ಮೊದಲು ಬೆಳಕು. ಅಂಗಡಿಯೆಂದರೆ ಸಾಮಾನ್ಯವಾಗಿ ಮೇಲೆ ಎಲ್‌ಇಡಿ ಟ್ಯೂಬ್‌ಲೈಟು, ಕಪಾಟಿನಲ್ಲಿ ಹಳದಿ ಬಲ್ಬು, ಬಾಗಿಲಿಂದ ಹಗಲ ಬೆಳಕು. ಹಳದಿ ಬಲ್ಬು 2,700 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಏರಿದಷ್ಟೂ ನೀಲಿ) ಆಸುಪಾಸು, ನಡು ಹಗಲಿನ ಬಿಸಿಲು 5,500ರ ಸುತ್ತ, ನೆರಳು 7,000ವನ್ನೂ ದಾಟುತ್ತದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣ ಹೊಂದಿಸುವ ವ್ಯವಸ್ಥೆ) ಇಡೀ ಚಿತ್ರಕ್ಕೆ ಒಂದೇ ತಿದ್ದುಪಡಿ ಮಾಡುತ್ತದೆ; ಸೀರೆಯ ಎಡಕ್ಕೊಂದು, ಬಲಕ್ಕೊಂದು ಮಾಡಲಾರದು. ಆದ್ದರಿಂದ ಫೋಟೊ ತೆಗೆಯುವ ಹೊತ್ತಿಗೆ ಒಂದೇ ಬಗೆಯ ಬೆಳಕು ಉಳಿಯಬೇಕು. ಬಿಸಿಲು ನೇರವಾಗಿ ಬೀಳದ ಉತ್ತರದ ಕಿಟಕಿ ಇದ್ದರೆ ಅದೊಂದೇ ಸಾಕು, ಉಳಿದ ದೀಪಗಳನ್ನೆಲ್ಲ ಆರಿಸಿ. ದೀಪವೇ ಬೇಕೆಂದರೆ ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ಎಲ್‌ಇಡಿ ಪ್ಯಾನೆಲ್ ಕೊಂಡು, ಸೀರೆಯ ಎರಡೂ ಬದಿಗೆ 45 ಡಿಗ್ರಿ ಕೋನದಲ್ಲಿ ಒಂದೇ ದೂರದಲ್ಲಿ ನಿಲ್ಲಿಸಿ.

ಕೊಳ್ಳುವಾಗ ಪೆಟ್ಟಿಗೆಯ ಮೇಲಿನ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) ಸಂಖ್ಯೆ ನೋಡಿ ಮೋಸಹೋಗಬೇಡಿ. ಆ ಸಂಖ್ಯೆ ಎಂಟು ತೆಳು ಬಣ್ಣಗಳ ಸರಾಸರಿ. ಗಾಢ ಕೆಂಪಿನ ಅಳತೆ ಆರ್9, ಅದು ಈ ಸರಾಸರಿಯಲ್ಲಿ ಸೇರಿಯೇ ಇಲ್ಲ. ಸಿಆರ್‌ಐ 80 ಎಂದು ಬರೆದ ಅಗ್ಗದ ಎಲ್‌ಇಡಿಯ ಆರ್9 ಸೊನ್ನೆಯ ಹತ್ತಿರವೂ ಇರಬಹುದು. ಆ ಬೆಳಕಿನಲ್ಲಿ ನಿಮ್ಮ ಕೆಂಪು ಸೆರಗು ಕಂದಾಗಿಯೇ ಕಾಣುತ್ತದೆ. ದೀಪದಲ್ಲೇ ಇಲ್ಲದ ಕೆಂಪನ್ನು ಯಾವ ಸಾಫ್ಟ್‌ವೇರೂ ತಂದುಕೊಡಲಾರದು. ಸಿಆರ್‌ಐ 95ಕ್ಕೆ ಮೇಲೆ, ಆರ್9 90ಕ್ಕೆ ಮೇಲೆ ಇರುವುದನ್ನೇ ಕೇಳಿ. ಆರ್9 ಎಷ್ಟೆಂದು ಹೇಳಲು ತಡವರಿಸುವ ಅಂಗಡಿಯಿಂದ ಸುಮ್ಮನೆ ಹೊರಬನ್ನಿ.

ಇನ್ನೊಂದು ಕಣ್ಣಿಗೆ ಬೀಳದ ಶತ್ರು ಸುತ್ತಲಿನ ಬಣ್ಣ. ತಿಳಿಹಸಿರು ಗೋಡೆಯಿಂದ ಚಿಮ್ಮಿದ ಬೆಳಕು ಬಿಳಿ ಅಂಚಿಗೆ ಹಸಿರು ಬಳಿಯುತ್ತದೆ. ಕ್ಯಾಮೆರಾ ಹಿಂದೆ ನಿಂತವರ ಅಂಗಿಯ ಬಣ್ಣವೂ ಸೀರೆಯ ಮೇಲೆ ಬೀಳುತ್ತದೆ. ಬೂದು, ಬಿಳಿ ಅಥವಾ ಕಪ್ಪು ಅಂಗಿ ತೊಡಿ.

ಈಗ ಎಕ್ಸ್‌ಪೋಷರ್. ಕ್ಯಾಮೆರಾ ಸ್ಟ್ಯಾಂಡ್ ಮೇಲಿಟ್ಟು ಮ್ಯಾನ್ಯುವಲ್ ಮೋಡ್‌ಗೆ ಹಾಕಿ: ಐಎಸ್‌ಒ (ಬೆಳಕಿಗೆ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಂಡಿ) ಎಫ್/8. ಸೀರೆ ತೂಗುಬಿಟ್ಟ ಜಾಗದಲ್ಲೇ, ಸೀರೆಯದೇ ಓರೆಯಲ್ಲಿ, 18 ಶೇಕಡಾ ಗ್ರೇ ಕಾರ್ಡ್ (ಬಿದ್ದ ಬೆಳಕಿನಲ್ಲಿ ಅಷ್ಟು ಪಾಲನ್ನು ಮರಳಿಸುವ ಬೂದು ಹಾಳೆ) ಹಿಡಿಯಿರಿ. ಕಾರ್ಡು ಮೇಲಕ್ಕೆ ವಾಲಿದರೆ ಮೇಲಿನ ಬೆಳಕನ್ನು ಹೆಚ್ಚು ಹಿಡಿದು ಅಳತೆ ಕೆಡುತ್ತದೆ. ಮಂದಿ ಮಾಡುವ ಮುಖ್ಯ ತಪ್ಪು ಇದೇ. ಕಾರ್ಡು ಫ್ರೇಮ್ ತುಂಬುವಷ್ಟು ಹತ್ತಿರ ಹೋಗಿ, ಮೀಟರ್ ಸೊನ್ನೆಗೆ ಬರುವಂತೆ ಶಟರ್ ವೇಗ ಹೊಂದಿಸಿ. ಅದೇ ಕಾರ್ಡಿನ ಚಿತ್ರದಿಂದ ಕಸ್ಟಮ್ ವೈಟ್ ಬ್ಯಾಲೆನ್ಸ್ ಕೂಡ ಮಾಡಿಕೊಳ್ಳಿ. ಚಿತ್ರದ ಶೈಲಿಯನ್ನು ‘ವಿವಿಡ್’, ‘ಲ್ಯಾಂಡ್‌ಸ್ಕೇಪ್’ಗಳಿಂದ ತೆಗೆದು ‘ನ್ಯೂಟ್ರಲ್’ಗೆ ಇಡಿ. ನಡುಬೂದು ಎಂದರೆ ಕಂಪ್ಯೂಟರಿನ 0ಯಿಂದ 255ರ ಅಳತೆಯಲ್ಲಿ 118ರ ಆಸುಪಾಸು. ಹತ್ತಿಪ್ಪತ್ತು ಅಂಕಿ ಹಿಂದೆಮುಂದೆ ಆದರೆ ಅದು ಕ್ಯಾಮೆರಾ ಕಂಪನಿಯ ಕೈವಾಡ, ಗಾಬರಿ ಬೇಡ. ಮೂರು ಬಣ್ಣಗಳ ಅಂಕಿಗಳು ಒಂದಕ್ಕೊಂದು ಸಮವಾಗಿವೆಯೇ ಎಂಬುದು ಮುಖ್ಯ: 120, 119, 121 ಇದ್ದರೆ ಸರಿ, 131, 119, 104 ಇದ್ದರೆ ಹಳದಿಯತ್ತ ವಾಲಿದೆ.

ಇಷ್ಟಾದ ಮೇಲೂ ಸೆರಗು ಮುದ್ದೆಯಾಗಬಹುದು. ಕಾರಣ ಹೀಗಿದೆ. ಕ್ಯಾಮೆರಾ ಮಾಮೂಲಾಗಿ ತೋರಿಸುವ ಬಿಳಿ ಹಿಸ್ಟೋಗ್ರಾಂ (ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಂದು ಚಿತ್ರದ ಬೆಳಕನ್ನು ತೋರಿಸುವ ಗ್ರಾಫು) ಮೂರೂ ಬಣ್ಣಗಳ ಮೊತ್ತ, ಅದರಲ್ಲಿ ಹಸಿರಿಗೆ ದೊಡ್ಡ ಪಾಲು, ಕೆಂಪಿಗೆ ಸಣ್ಣದು. ಕೆಂಪು ಚಾನೆಲ್ 255ಕ್ಕೆ ಬಡಿದು ನಿಂತಿದ್ದರೂ ಬಿಳಿ ಗ್ರಾಫು ನಡುವೆಯೇ ತಣ್ಣಗೆ ಕೂತಿರುತ್ತದೆ. ಹಾಗಾಗಿ ಕೆಂಪು, ಹಸಿರು, ನೀಲಿ ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಂ ತೆರೆಯಿರಿ. ಸೆರಗಿನ ಮೇಲೆ ಕೆಂಪು ಗ್ರಾಫು ಬಲಗೋಡೆಗೆ ಅಂಟಿದ್ದರೆ ಶಟರ್ ವೇಗವನ್ನು ಮೂರನೇ ಒಂದು ಸ್ಟಾಪ್‌ನಂತೆ ಹೆಚ್ಚಿಸುತ್ತ ಬನ್ನಿ: 1/60, 1/80, 1/100. ಗೋಡೆ ಬಿಟ್ಟು ಒಂದು ಕೂದಲೆಳೆ ಈಚೆ ಬಂದೊಡನೆ ಪರದೆಯಲ್ಲಿ ದೊಡ್ಡದು ಮಾಡಿ ನೋಡಿ: ಇಳಕಲ್ ಸೆರಗಿನ ತೋಪು ತೆನಿ ವಿನ್ಯಾಸದ ಬಿಳಿ ಹಲ್ಲುಗಳ ನಡುವೆ ಕೆಂಪು ರೇಷ್ಮೆಯ ಎಳೆಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಒಟ್ಟು ಚಿತ್ರ ತುಸು ಕಪ್ಪಾದರೆ ಆಮೇಲೆ ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸಿದ ಮೂಲ ಫೈಲು) ನಡುಮಟ್ಟವನ್ನು ಮಾತ್ರ ಎತ್ತಿ.

ನಿತ್ಯ ಹತ್ತಾರು ಸೀರೆ ತೆಗೆಯುವವರು 24 ಚೌಕಗಳ ಕಲರ್‌ಚೆಕರ್ ಕಾರ್ಡು ಇಟ್ಟುಕೊಳ್ಳುವುದು ಮೇಲು. ಬೆಳಕು ಬದಲಾದಾಗಲೆಲ್ಲ ಮೊದಲ ಚಿತ್ರದಲ್ಲಿ ಅದನ್ನು ಸೇರಿಸಿ. ಕೊನೆಯ ಸಾಲಿನ ಆರು ಚೌಕಗಳು ಬಿಳಿಯಿಂದ ಕಪ್ಪಿಗೆ ಇಳಿಯುತ್ತವೆ; ಎಸ್‌ಆರ್‌ಜಿಬಿಯಲ್ಲಿ (ಪರದೆಗಳ ಸಾಮಾನ್ಯ ಬಣ್ಣಮಾನ) ಅವುಗಳ ಅಂಕಿ ಸುಮಾರು 243, 200, 160, 122, 85, 52. ವೈಟ್ ಬ್ಯಾಲೆನ್ಸ್ ಪಿಪೆಟ್ಟನ್ನು (ಸಾಫ್ಟ್‌ವೇರಿನಲ್ಲಿ ಬಣ್ಣ ಆರಿಸುವ ಗುರುತು) ಬಿಳಿಯ ಮೇಲಲ್ಲ, ಅದರ ಪಕ್ಕದ ತಿಳಿಬೂದಿಯ ಮೇಲೆ ಒತ್ತಿ. ಬಿಳಿಯಲ್ಲಿ ಒಂದು ಚಾನೆಲ್ ತುಂಬಿಹೋಗಿದ್ದರೆ ಲೆಕ್ಕವೇ ತಪ್ಪುತ್ತದೆ. ಕಾರ್ಡಿನಿಂದ ನಿಮ್ಮ ಕ್ಯಾಮೆರಾ–ದೀಪದ ಜೋಡಿಗೆ ಪ್ರೊಫೈಲ್ (ಬಣ್ಣ ತಿದ್ದುವ ಪಟ್ಟಿ) ಮಾಡಿ ಲೈಟ್‌ರೂಮ್‌ಗೆ ಸೇರಿಸಬಹುದು. ಕಾಸು ಖರ್ಚು ಬೇಡವೆಂದರೆ ಡಾರ್ಕ್‌ಟೇಬಲ್‌ನ ಕಲರ್ ಕ್ಯಾಲಿಬ್ರೇಶನ್ ಮಾಡ್ಯೂಲ್ ಈ ಕೆಲಸ ಮಾಡುತ್ತದೆ. ಚೌಕಗಳಿಗೆ ಬೆರಳು ತಾಗಿಸಬೇಡಿ, ಬಿಸಿಲಿಗೆ ಬಿಡಬೇಡಿ. ಬಣ್ಣ ಮಾಸಿದ ಕಾರ್ಡು ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಒಂದು ಮಾತು ಉಳಿಯಿತು. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಇರುವ ಡಬಲ್ ಶೇಡ್ ಸೀರೆಗೆ ‘ನಿಜವಾದ ಬಣ್ಣ’ ಎಂಬ ಒಂದೇ ಬಣ್ಣ ಇಲ್ಲ. ಕೋನ ಬದಲಾದರೆ ಬಣ್ಣ ಬದಲಾಗುತ್ತದೆ, ಅದೇ ಅದರ ಚೆಂದ. ಹರಡಿದ್ದೊಂದು, ನೆರಿಗೆ ಹಿಡಿದದ್ದೊಂದು ಚಿತ್ರ ಕಳಿಸಿ, ‘ಹಾಸು ಕಪ್ಪು, ಹೊಕ್ಕು ದಾಳಿಂಬೆ ಕೆಂಪು’ ಎಂದು ಬರೆದೂ ತಿಳಿಸಿ. ಗಿರಾಕಿಯ ಮೊಬೈಲ್ ಪರದೆ ನಿಮ್ಮ ಹಿಡಿತದಲ್ಲಿಲ್ಲ. ಮುಂಗೈ ಮೇಲೆ ಸೀರೆ ಹಾಕಿಕೊಂಡ ಒಂದು ಚಿತ್ರ ಇದ್ದರೆ, ಚರ್ಮದ ಬಣ್ಣ ನೋಡಿ ತಮ್ಮ ಪರದೆ ಎಷ್ಟು ಸುಳ್ಳು ಹೇಳುತ್ತಿದೆ ಎಂಬುದು ಅವರಿಗೇ ಅಂದಾಜಾಗುತ್ತದೆ.

ಪ್ರ: ಬಿದ್ರಿ ಹೂದಾನಿಗಳ ಕ್ಯಾಟಲಾಗ್ ಮಾಡಬೇಕಿದೆ. ಕಪ್ಪು ಬೂದಿಯಂತೆ ಬರುತ್ತದೆ. ಬೆಳ್ಳಿಯ ಗೆರೆ ಒಂದೋ ಸುಟ್ಟ ಬಿಳಿ, ಇಲ್ಲವೇ ಅದೂ ಕಪ್ಪು. ಪೋಲರೈಸರ್ ಫಿಲ್ಟರ್ ಹಾಕಿದರೆ ಸರಿಹೋದೀತೇ?
— ಓದುಗರು, ಬೀದರ್

ಉ: ಪೋಲರೈಸರ್ ಕೊಳ್ಳಬೇಡಿ. ಗಾಜು, ನೀರು, ಎಲೆಗಳ ಹೊಳಪನ್ನು ಅದು ಕಡಿಮೆ ಮಾಡುತ್ತದೆ. ಲೋಹದ ಹೊಳಪಿನ ಮುಂದೆ ಅದರ ಆಟ ನಡೆಯುವುದಿಲ್ಲ. ದೀಪಕ್ಕೂ ಲೆನ್ಸಿಗೂ ಅಡ್ಡಡ್ಡ ಪೋಲರೈಸರ್ ಹಾಕುವ ಪದ್ಧತಿಯೊಂದಿದೆ, ಅದು ನಿಮಗೆ ಇನ್ನೂ ಕೆಡುಕು: ಲೋಹದಿಂದ ಮರಳಿದ ಬೆಳಕೆಲ್ಲ ಕತ್ತರಿಸಿಹೋಗಿ ಬೆಳ್ಳಿಯೇ ಕಪ್ಪಾಗುತ್ತದೆ.

ಕ್ಯಾಮೆರಾದೊಳಗಿನ ಮೀಟರ್‌ಗೆ ಎದುರಿನ ವಸ್ತು ಯಾವುದೆಂದು ಗೊತ್ತಿಲ್ಲ. ಕಂಡದ್ದೆಲ್ಲ ಸರಾಸರಿಯಲ್ಲಿ ನಡುಬೂದು ಎಂದೇ ಅದರ ನಂಬಿಕೆ. ಕಪ್ಪು ಹೂದಾನಿ ಫ್ರೇಮ್ ತುಂಬಿದರೆ ‘ಬೆಳಕು ಸಾಲದು’ ಎಂದುಕೊಂಡು ಒಂದೂವರೆ–ಎರಡು ಸ್ಟಾಪ್ ಏರಿಸುತ್ತದೆ. ಕಪ್ಪು ಬೂದಾಗುವುದೂ ಬೆಳ್ಳಿ ಸುಡುವುದೂ ಆ ಒಂದೇ ಏರಿಕೆಯಿಂದ. ಹೂದಾನಿಯನ್ನು ಅಳೆಯಬೇಡಿ, ಅದರ ಮುಂದೆ ಗ್ರೇ ಕಾರ್ಡ್ ಹಿಡಿದು ಅದನ್ನು ಅಳೆಯಿರಿ, ಮ್ಯಾನ್ಯುವಲ್‌ನಲ್ಲಿ ಅದೇ ಸಂಖ್ಯೆಗೆ ನಿಲ್ಲಿಸಿ. ಅಲ್ಲಿಂದ ಒಂದು ಸ್ಟಾಪ್ ಮೇಲೆ, ಒಂದು ಕೆಳಗೆ, ಹೀಗೆ ಮೂರು ಚಿತ್ರ ತೆಗೆದಿಡಿ.

ಬೆಳ್ಳಿಯ ವಿಷಯ ಬೇರೆ. ಹೊಳಪಿನ ಬೆಳ್ಳಿ ಎಂದರೆ ಕನ್ನಡಿ. ಅದರ ಚಿತ್ರ ಎಂದರೆ ಅದರಲ್ಲಿ ಮೂಡಿದ್ದರ ಚಿತ್ರ. ಕೋಣೆ ಕತ್ತಲಿದ್ದರೆ ಬೆಳ್ಳಿ ಕಪ್ಪು, ಬಲ್ಬು ಮೂಡಿದರೆ ಅಷ್ಟೇ ಜಾಗ ಸುಟ್ಟ ಚುಕ್ಕೆ. ಬೆಳ್ಳಿಗೆ ಕಾಣಲೆಂದು ಒಂದು ದೊಡ್ಡ, ಸಮನಾದ ಬಿಳಿ ಮೈಯನ್ನು ನೀವೇ ಒದಗಿಸಬೇಕು. 3 ಅಡಿ ಅಗಲ, 4 ಅಡಿ ಎತ್ತರದ ಕಟ್ಟಿಗೆಯ ಚೌಕಟ್ಟಿಗೆ ಟ್ರೇಸಿಂಗ್ ಪೇಪರ್ ಅಥವಾ ಬಿಳಿ ಪಂಚೆ ಬಿಗಿದು ಹೂದಾನಿಯ ಎಡಕ್ಕೆ ಒಂದೂವರೆ ಅಡಿ ದೂರದಲ್ಲಿಡಿ, ಅದರ ಹಿಂದೆ ಮೂರಡಿ ಬಿಟ್ಟು ದೀಪ. ಬಲಕ್ಕೆ ಬಿಳಿ ಥರ್ಮೊಕೋಲ್ ಹಾಳೆ. ಪಂಚೆಗೆ ನೀಲಿ ಹಾಕಿ ಒಗೆದಿದ್ದರೆ ಬೆಳಕೂ ನೀಲಿಗೆ ತಿರುಗುತ್ತದೆ, ಆದ್ದರಿಂದ ಪಂಚೆ ಬಿಗಿದ ಮೇಲೆಯೇ ವೈಟ್ ಬ್ಯಾಲೆನ್ಸ್ ಮಾಡಿ. ದುಂಡನೆಯ ಮೈಯಲ್ಲಿ ಕ್ಯಾಮೆರಾದ ನೆರಳೂ ಮೂಡುತ್ತದೆ. ಕಪ್ಪು ಬಟ್ಟೆಗೆ ಲೆನ್ಸಿನಷ್ಟು ತೂತು ಮಾಡಿ ಮುಂದೆ ಇಳಿಬಿಟ್ಟರೆ ಅದು ತೆಳು ಕಪ್ಪು ಪಟ್ಟೆಯಾಗಿ ಬದಲಾಗುತ್ತದೆ, ದುಂಡನೆ ಆಕಾರಕ್ಕೆ ಅದು ಒಪ್ಪುತ್ತದೆ ಕೂಡ.

ಕೋಟೆಯ ಮಣ್ಣಿನಿಂದ ಕಪ್ಪಾಗಿಸಿದ ಮೈ ಮಂಕಾಗಿರುವವರೆಗೆ ಈ ಬಿಳಿ ಹಾಳೆಗಳನ್ನು ಹೆಚ್ಚು ಪ್ರತಿಫಲಿಸುವುದಿಲ್ಲ. ಅಷ್ಟರಿಂದಲೇ ಕಪ್ಪು ಕಪ್ಪಾಗಿ, ಬೆಳ್ಳಿ ಬೆಳ್ಳಗೆ ಬೇರ್ಪಡುತ್ತವೆ. ಆದರೆ ಕಪ್ಪು ಏರಲೆಂದು ಎಣ್ಣೆ ಸವರುವ ರೂಢಿ ಇದೆಯಲ್ಲ, ಆ ಎಣ್ಣೆಯ ಪದರ ಹಾಳೆಯನ್ನೆಲ್ಲ ಹಿಡಿದು ಮೈತುಂಬ ಬೂದು ಮಬ್ಬು ತರುತ್ತದೆ. ಫೋಟೊಗೆ ಮುನ್ನ ಮೆತ್ತನೆಯ ಹತ್ತಿ ಬಟ್ಟೆಯಿಂದ ಎಣ್ಣೆ ಒರೆಸಿಬಿಡಿ.

ಪ್ರ: ಮದುವೆ ಫೋಟೊಗಳಲ್ಲಿ ವರನ ಪಂಚೆ ಬೂದು, ಮುಖ ಕಪ್ಪು. ಕೆಲವು ಛತ್ರಗಳಲ್ಲಿ ಎಲ್ಲರೂ ಹಸಿರಾಗುತ್ತಾರೆ, ಕೆಲವು ಚಿತ್ರಗಳಲ್ಲಿ ಅಡ್ಡಪಟ್ಟೆ ಬೀಳುತ್ತದೆ. ಮುಹೂರ್ತದ ಹೊತ್ತಿನಲ್ಲಿ ಗ್ರೇ ಕಾರ್ಡ್ ಹಿಡಿಯಲು ಯಾರು ಬಿಡುತ್ತಾರೆ, ಸ್ವಾಮಿ?
— ಛಾಯಾಗ್ರಾಹಕರು, ಹಾಸನ

ಉ: ಯಾರೂ ಬಿಡುವುದಿಲ್ಲ, ನಿಮ್ಮ ಅಂಗೈ ಸಾಕು. ಅಂಗೈ ನಡುಬೂದಿಗಿಂತ ಸುಮಾರು ಒಂದು ಸ್ಟಾಪ್ ಬೆಳ್ಳಗಿರುತ್ತದೆ. ಮೈಬಣ್ಣ ಯಾವುದೇ ಇದ್ದರೂ ಅಂಗೈಯಲ್ಲಿ ಅಂಥ ವ್ಯತ್ಯಾಸವಿಲ್ಲ. ಮನೆಯಲ್ಲಿ ಒಮ್ಮೆ ಗ್ರೇ ಕಾರ್ಡನ್ನೂ ಅಂಗೈಯನ್ನೂ ಒಂದೇ ಬೆಳಕಿನಲ್ಲಿ ಸ್ಪಾಟ್ ಮೀಟರ್‌ನಿಂದ (ಸಣ್ಣ ಜಾಗವನ್ನಷ್ಟೇ ಅಳೆಯುವ ವಿಧಾನ) ಅಳೆದು ನಿಮ್ಮ ವ್ಯತ್ಯಾಸ ಎಷ್ಟೆಂದು ಬರೆದಿಟ್ಟುಕೊಳ್ಳಿ. ಮಂಟಪದಲ್ಲಿ ವರ ಕೂರುವ ಜಾಗದ ಬೆಳಕಿಗೆ ಅಂಗೈಯೊಡ್ಡಿ ಅಳೆದು, ಆ ವ್ಯತ್ಯಾಸದಷ್ಟು ಎಕ್ಸ್‌ಪೋಷರ್ ಹೆಚ್ಚಿಸಿ, ಮ್ಯಾನ್ಯುವಲ್‌ನಲ್ಲಿ ಬಿಟ್ಟುಬಿಡಿ. ಮದರಂಗಿ ಹಚ್ಚಿದ ಅಂಗೈ ಲೆಕ್ಕಕ್ಕಿಲ್ಲ.

ಆಟೊಮ್ಯಾಟಿಕ್ ಮೋಡ್‌ನಲ್ಲೇ ತೆಗೆಯುವವರು ಕಾಂಪೆನ್ಸೇಶನ್ (ಮೀಟರ್ ಹೇಳಿದ್ದಕ್ಕೆ ಸ್ಟಾಪ್ ಕೂಡಿಸುವುದು, ಕಳೆಯುವುದು) ನೆನಪಿಡಬೇಕು: ಫ್ರೇಮಿನಲ್ಲಿ ಬಿಳಿ ಪಂಚೆ, ಬಿಳಿ ಧಾರೆ ಸೀರೆಯೇ ತುಂಬಿದ್ದರೆ +1ರಿಂದ +1.7, ಕಪ್ಪು ಸೂಟು ತುಂಬಿದ್ದರೆ –1. ಹೊಸಬರು ಉಲ್ಟಾ ಮಾಡುವುದೇ ಇಲ್ಲಿ. ಬಿಳಿಗೆ ಕೂಡಿಸಬೇಕು, ಕಪ್ಪಿಗೆ ಕಳೆಯಬೇಕು.

ಅಡ್ಡಪಟ್ಟೆಗೆ ಕಾರಣ ಕರೆಂಟು. ನಮ್ಮ ವಿದ್ಯುತ್ತು 50 ಹರ್ಟ್ಜ್, ಅದರ ಮೇಲೆ ನಡೆಯುವ ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ 1/250 ಇಟ್ಟರೆ ಒಂದು ಮಿಣುಕಿನ ತುಣುಕಷ್ಟೇ ಸಿಗುತ್ತದೆ. 1/100 ಅಥವಾ 1/50 ಇಟ್ಟರೆ ಇಡೀ ಮಿಣುಕುಗಳೇ ಒಳಗೊಂಡು ಪಟ್ಟೆ ಮಾಯವಾಗುತ್ತದೆ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್ ಬಳಸಿ, ಕ್ಯಾಮೆರಾದಲ್ಲಿ ಆ್ಯಂಟಿ ಫ್ಲಿಕರ್ ಇದ್ದರೆ ಹಾಕಿ. ವೇದಿಕೆಯ ಹಿಂದಿನ ಎಲ್‌ಇಡಿ ಪರದೆ, ಬಣ್ಣದ ಪಾರ್ ಲೈಟುಗಳು ಈ ಲೆಕ್ಕಕ್ಕೆ ಬಗ್ಗುವುದಿಲ್ಲ, ಅವುಗಳ ಮಿಣುಕಿನ ವೇಗವೇ ಬೇರೆ. ಮೊದಲೇ ಹೋಗಿ 1/100ರ ಆಚೀಚೆ ಪ್ರಯತ್ನಿಸಿ ನೋಡಿಕೊಳ್ಳುವುದೊಂದೇ ದಾರಿ.

ಹಸಿರು ಮುಖಕ್ಕೆ ಎರಡು ಮೂಲ. ಅಗ್ಗದ ಟ್ಯೂಬಿನ ಹಸಿರಾದರೆ ರಾ ಫೈಲಿನ ಟಿಂಟ್ ಸ್ಲೈಡರನ್ನು ಮಜೆಂಟಾ ಕಡೆ ಸರಿಸಿದಾಗ ಹೋಗುತ್ತದೆ. ಹಸಿರು ಶಾಮಿಯಾನ ಸೋಸಿ ಬಂದ ಹಗಲಿನ ಬೆಳಕಾದರೆ ಅದರಲ್ಲಿ ಕೆಂಪಿನ ಅಂಶವೇ ತೀರಾ ಕಡಿಮೆ, ತಿದ್ದಿದಷ್ಟೂ ಮುಖ ಮಣ್ಣುಮಣ್ಣು. ಅಲ್ಲಿ ಫ್ಲ್ಯಾಶ್ ಬೇಕೇ ಬೇಕು. ಛತ್ರದೊಳಗೆ ಹಳದಿ ದೀಪವಿದ್ದು ನೀವು ಫ್ಲ್ಯಾಶ್ ಹಾಕುವುದಾದರೆ ಫ್ಲ್ಯಾಶಿಗೆ ಅರ್ಧ ಕಿತ್ತಳೆ ಜೆಲ್ (ಬಣ್ಣದ ತೆಳು ಹಾಳೆ) ಅಂಟಿಸಿ, ವೈಟ್ ಬ್ಯಾಲೆನ್ಸ್ 3,800 ಕೆಲ್ವಿನ್ ಸುತ್ತ ಇಡಿ. ಆಗ ಮುಖ ಬಿಳುಚಿ ಹಿನ್ನೆಲೆ ಕೆಂಡದಂತಾಗುವುದು ತಪ್ಪುತ್ತದೆ. ಹೋಮದ ಬೆಂಕಿಯ ಬೆಳಕನ್ನು ಮಾತ್ರ ಪೂರ್ತಿ ತಿದ್ದಬೇಡಿ. ಬೆಂಕಿಯೆದುರು ಕೂತವರ ಮುಖ ಟ್ಯೂಬ್‌ಲೈಟಿನ ಕೆಳಗಿದ್ದಂತೆ ಬಂದರೆ ಅಳತೆ ಸರಿ, ಚಿತ್ರ ತಪ್ಪು.

ಪ್ರ: ನನ್ನ ಮಾನಿಟರಿನಲ್ಲಿ ಚೆನ್ನಾಗಿ ಕಾಣುವ ಆಲ್ಬಮ್ ಲ್ಯಾಬಿನಿಂದ ಪ್ರಿಂಟಾಗಿ ಬರುವಾಗ ಕಪ್ಪಾಗಿ, ಮಂಕಾಗಿ ಬರುತ್ತದೆ. ಲ್ಯಾಬಿನವರು ‘ನಿಮ್ಮ ಫೈಲೇ ಹಾಗಿದೆ’ ಎನ್ನುತ್ತಾರೆ. ಮಾನಿಟರಿನ ಬಣ್ಣವನ್ನು ಪ್ರಿಂಟಿಗೆ ಹೊಂದುವಂತೆ ತಿರುಗಿಸಿಕೊಳ್ಳಲೇ?
— ಸ್ಟುಡಿಯೊದವರು, ದಾವಣಗೆರೆ

ಉ: ಲ್ಯಾಬಿನವರು ಹೇಳಿದ್ದು ಬಹುಪಾಲು ನಿಜ. ಕಾರ್ಖಾನೆಯಿಂದ ಬರುವ ಮಾನಿಟರು ಅಂಗಡಿಯಲ್ಲಿ ಹೊಳೆಯಲೆಂದು 250–300 ಕ್ಯಾಂಡೆಲಾ ಪ್ರಖರತೆಗೆ ಏರಿಸಿಟ್ಟದ್ದು. ಅಷ್ಟು ಬೆಳಗುವ ಪರದೆಯಲ್ಲಿ ಕಪ್ಪು ಫೈಲೂ ಬೆಳ್ಳಗೆ ಕಾಣುತ್ತದೆ, ನೀವು ಅದನ್ನು ನೋಡಿ ಇನ್ನಷ್ಟು ಇಳಿಸುತ್ತೀರಿ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ಪ್ರಿಂಟ್ ಕೆಲಸಕ್ಕೆ ಮಾನಿಟರು 80ರಿಂದ 120 ಕ್ಯಾಂಡೆಲಾ ಇದ್ದರೆ ಸಾಕು.

ಪ್ರಿಂಟಿಗೆ ಹೊಂದುವಂತೆ ಮಾನಿಟರಿನ ಬಣ್ಣ ತಿರುಗಿಸುವುದು ತಕ್ಕಡಿ ತೋರಿಸಿದ ತೂಕ ಸಾಲದೆಂದು ಮುಳ್ಳು ಬಗ್ಗಿಸಿದಂತೆ. ಇಂದಿನ ಪೇಪರಿಗೆ ಹೊಂದುತ್ತದೆ, ನಾಳೆ ಬೇರೆ ಪೇಪರಿಗೆ, ಬೇರೆ ಲ್ಯಾಬಿಗೆ ಕೈಕೊಡುತ್ತದೆ. ಮಾನಿಟರು ಒಂದು ಗೊತ್ತಾದ ಮಾನಕ್ಕೆ ನಿಲ್ಲಬೇಕು, ಪೇಪರಿನ ವ್ಯತ್ಯಾಸವನ್ನು ಪ್ರೊಫೈಲ್ ನೋಡಿಕೊಳ್ಳಬೇಕು.

ಕಣ್ಣಿನಿಂದ ಕ್ಯಾಲಿಬ್ರೇಟ್ ಮಾಡಲಾಗದು. ಕಣ್ಣು ಎರಡು ನಿಮಿಷದಲ್ಲಿ ಯಾವ ಬಣ್ಣದ ಬಿಳಿಗಾದರೂ ಒಗ್ಗಿಬಿಡುತ್ತದೆ. ಪರದೆಗೆ ಅಂಟಿಸುವ ಅಳತೆಯ ಸಾಧನ ಬೇಕು; ಕ್ಯಾಲಿಬ್ರೈಟ್ ಮತ್ತು ಡೇಟಾಕಲರ್ ಕಂಪನಿಗಳವು ಸುಲಭವಾಗಿ ಸಿಗುತ್ತವೆ. ಮೂರು–ನಾಲ್ಕು ಸ್ಟುಡಿಯೊಗಳು ಸೇರಿ ಒಂದನ್ನು ಕೊಂಡರೂ ನಡೆದೀತು, ಅದು ದಿನಾ ಬೇಕಾದ ವಸ್ತುವಲ್ಲ. ಮಾನಿಟರು ಹಚ್ಚಿ ಅರ್ಧ ಗಂಟೆ ಬಿಸಿಯಾಗಲು ಬಿಡಿ. ಅದರ ಮೆನುವಿನ ‘ಡೈನಮಿಕ್ ಕಾಂಟ್ರಾಸ್ಟ್’, ‘ಐ ಕೇರ್’, ವಿಂಡೋಸ್‌ನ ‘ನೈಟ್ ಲೈಟ್’ ಎಲ್ಲವನ್ನೂ ಆರಿಸಿ; ಇವುಗಳಲ್ಲಿ ಒಂದು ಉಳಿದರೂ ಅಳತೆ ನೀರಿನಲ್ಲಿ ಹೋಮ. ಸಾಫ್ಟ್‌ವೇರ್ ಕೇಳಿದಾಗ ಬಿಳಿಯ ಗುರಿ ಡಿ65 (6,500 ಕೆಲ್ವಿನ್), ಗ್ಯಾಮಾ 2.2, ಪ್ರಖರತೆ 100 ಕೊಡಿ. ಪ್ರಖರತೆಯನ್ನು ಮಾನಿಟರಿನ ಗುಂಡಿಯಿಂದಲೇ ಇಳಿಸಬೇಕು, ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗಿನಿಂದಲ್ಲ. ಅಲ್ಲಿ ಇಳಿಸಿದರೆ ಆಕಾಶದಂಥ ಮೆಲ್ಲನೆ ಇಳಿಯುವ ಬಣ್ಣಗಳಲ್ಲಿ ಮೆಟ್ಟಿಲು ಮೂಡುತ್ತವೆ. ತಿಂಗಳಿಗೊಮ್ಮೆ ಮತ್ತೆ ಮಾಡಿ. ಪರದೆಯ ಹಿಂದಿನ ಗೋಡೆ ಗುಲಾಬಿ ಬಣ್ಣದ್ದಾದರೆ ಅದಕ್ಕೊಂದು ಬೂದು ಪರದೆ ಹಾಕಿ.

ಸಾಧನ ಕೈಗೆ ಬರುವವರೆಗೆ ಒಂದು ಉಪಾಯ: ಲ್ಯಾಬಿನದೇ ಫೋಟೊ ಪೇಪರಿನ ಖಾಲಿ ಬಿಳಿ ತುಂಡನ್ನು ಮಾನಿಟರಿನ ಪಕ್ಕದಲ್ಲಿ, ನೀವು ಪ್ರಿಂಟ್ ನೋಡುವ ಬೆಳಕಿನಲ್ಲಿ ಹಿಡಿದು, ಪರದೆಯ ಖಾಲಿ ಬಿಳಿ ಪುಟ ಅಷ್ಟೇ ಬೆಳ್ಳಗಾಗುವವರೆಗೆ ಪ್ರಖರತೆ ಇಳಿಸಿ. ಬಣ್ಣ ಸರಿಯಾಗದಿದ್ದರೂ ‘ಕಪ್ಪಾಗಿ ಬಂತು’ ಎಂಬ ದೂರು ಅಲ್ಲಿಗೇ ನಿಂತೀತು.

ಮಂಕು ಬಣ್ಣಕ್ಕೆ ಬೇರೆ ಕಾರಣ ಇರಬಹುದು. ನೀವು ಅಡೋಬಿ ಆರ್‌ಜಿಬಿಯಲ್ಲಿ (ಎಸ್‌ಆರ್‌ಜಿಬಿಗಿಂತ ಹೆಚ್ಚು ಬಣ್ಣ ಹಿಡಿಯುವ ಬಣ್ಣಮಾನ) ಉಳಿಸಿದ ಫೈಲನ್ನು, ಒಳಗಿನ ಪ್ರೊಫೈಲ್ ಓದದ ಲ್ಯಾಬ್ ಯಂತ್ರ ಎಸ್‌ಆರ್‌ಜಿಬಿ ಎಂದುಕೊಂಡರೆ ಬಣ್ಣಗಳೆಲ್ಲ ಒಗೆದಂತಾಗುತ್ತವೆ. ಲ್ಯಾಬು ಬೇರೆ ಕೇಳದ ಹೊರತು ಎಸ್‌ಆರ್‌ಜಿಬಿಗೆ ಪರಿವರ್ತಿಸಿ ಕಳಿಸಿ. ಪರಿವರ್ತಿಸುವುದು ಬೇರೆ, ಪ್ರೊಫೈಲಿನ ಹೆಸರನ್ನಷ್ಟೇ ಬದಲಿಸುವುದು ಬೇರೆ. ಫೋಟೊಶಾಪ್‌ನಲ್ಲಿ ‘ಕನ್ವರ್ಟ್’ ಒತ್ತಬೇಕು, ‘ಅಸೈನ್’ ಅಲ್ಲ. ಲ್ಯಾಬಿನಿಂದ ಅವರ ಪೇಪರಿನ ಐಸಿಸಿ ಪ್ರೊಫೈಲ್ ಕೇಳಿ ಪಡೆದು ಸಾಫ್ಟ್ ಪ್ರೂಫ್ (ಪ್ರಿಂಟು ಹೇಗೆ ಬರುವುದೆಂದು ಪರದೆಯಲ್ಲೇ ನೋಡುವುದು) ಮಾಡಿ ನೋಡಿ, ಆರ್ಡರಿನಲ್ಲಿ ‘ಕಲರ್ ಕರೆಕ್ಷನ್ ಬೇಡ’ ಎಂದು ಬರೆಯಿರಿ. ನೀವೊಮ್ಮೆ ತಿದ್ದಿ, ಅವರ ಯಂತ್ರ ಇನ್ನೊಮ್ಮೆ ತಿದ್ದಿದರೆ ತಪ್ಪು ಯಾರದೆಂದು ಹುಡುಕಲೂ ಆಗುವುದಿಲ್ಲ.

ಪ್ರ: ರಾ ಫೈಲಿನಲ್ಲಿ ತೆಗೆದರೆ ಎಕ್ಸ್‌ಪೋಷರ್ ಎಷ್ಟು ತಪ್ಪಿದರೂ ಆಮೇಲೆ ಸರಿಪಡಿಸಬಹುದಲ್ಲವೇ?
— ವಿದ್ಯಾರ್ಥಿ, ಮೈಸೂರು

ಉ: ವೈಟ್ ಬ್ಯಾಲೆನ್ಸ್ ಪೂರ್ತಿ ಸರಿಪಡಿಸಬಹುದು, ಎಕ್ಸ್‌ಪೋಷರ್ ಅಲ್ಲ. ತುಂಬಿ ಹರಿದ ಚಾನೆಲ್ ಮರಳುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ರಾಶಿಯನ್ನು ಒಂದೂವರೆ ಸ್ಟಾಪ್ ಹೆಚ್ಚಾಗಿ ತೆಗೆದು ಆಮೇಲೆ ಇಳಿಸಿ ನೋಡಿ: ಕೆಂಪು ಮಿತಿಗೆ ಬಡಿದು ನಿಂತ ಕಡೆ ಹಸಿರು ಮಾತ್ರ ಏರಿರುತ್ತದೆ, ಹೀಗಾಗಿ ಕೆಂಪು ಕಿತ್ತಳೆಗೆ ಜಾರಿರುತ್ತದೆ. ಕಪ್ಪಾಗಿ ತೆಗೆದು ಮೂರು ಸ್ಟಾಪ್ ಎತ್ತಿದರೆ ನೆರಳಿನಲ್ಲೆಲ್ಲ ಬಣ್ಣದ ರವೆ. ಇನ್ನೊಂದು ಗಮನದಲ್ಲಿರಲಿ: ನೀವು ರಾ ತೆಗೆಯುವಾಗಲೂ ಕ್ಯಾಮೆರಾ ಪರದೆಯ ಹಿಸ್ಟೋಗ್ರಾಂ ಅದರೊಳಗಿನ ಜೆಪೆಗ್ ಮುನ್ನೋಟದ್ದು. ಚಿತ್ರಶೈಲಿ ‘ನ್ಯೂಟ್ರಲ್’ ಇಟ್ಟು ಕಾಂಟ್ರಾಸ್ಟ್ ತಗ್ಗಿಸಿದರೆ ಅದು ನಿಜಕ್ಕೆ ಹತ್ತಿರ ಬರುತ್ತದೆ.

ಪ್ರ: ಅಜ್ಜನ ಕಾಲದ ರೀಲ್ ಕ್ಯಾಮೆರಾ ಸಿಕ್ಕಿದೆ. ಪಿಎಕ್ಸ್ 625 ಸೆಲ್ ಬೇಕಂತೆ. ಅದೇ ಗಾತ್ರದ ಆಲ್ಕಲೈನ್ ಸೆಲ್ ಹಾಕಿದ ಮೇಲೆ ಮೀಟರ್ ಆಡುತ್ತಿದೆ, ಆದರೆ ಚಿತ್ರಗಳು ಕಪ್ಪು.
— ಓದುಗರು, ಮಡಿಕೇರಿ

ಉ: ಆ ಕ್ಯಾಮೆರಾ ಬಯಸುವುದು 1.35 ವೋಲ್ಟಿನ ಪಾದರಸದ ಸೆಲ್. ಪಾದರಸ ಸೆಲ್‌ಗಳು ಈಗ ಮಾರುಕಟ್ಟೆಯಲ್ಲಿಲ್ಲ. ಆಲ್ಕಲೈನ್ ಸೆಲ್ 1.5 ವೋಲ್ಟ್ ಕೊಡುತ್ತದೆ. ವೋಲ್ಟೇಜು ಹೆಚ್ಚಾದರೆ ಮುಳ್ಳು ಇಲ್ಲದ ಬೆಳಕನ್ನು ಇದೆ ಎನ್ನುತ್ತದೆ, ನೀವು ಅದನ್ನು ನಂಬಿ ಕಡಿಮೆ ಎಕ್ಸ್‌ಪೋಷರ್ ಕೊಡುತ್ತೀರಿ. ಸಾಲದ್ದಕ್ಕೆ ಆಲ್ಕಲೈನ್ ಸವೆದಂತೆ ವೋಲ್ಟೇಜು ಇಳಿಯುತ್ತಲೇ ಹೋಗುವುದರಿಂದ ಒಂದು ಸಲ ಲೆಕ್ಕ ಹಾಕಿ ಸರಿದೂಗಿಸಲೂ ಬಾರದು. ಕಿವಿಯ ಯಂತ್ರಕ್ಕೆ ಹಾಕುವ 675 ಜಿಂಕ್–ಏರ್ ಸೆಲ್ ತನ್ನಿ, ಔಷಧ ಅಂಗಡಿಯಲ್ಲಿ ಕೇಳಿ. ಅದು ಸುಮಾರು 1.4 ವೋಲ್ಟಿನಲ್ಲಿ ಸ್ಥಿರವಾಗಿ ನಿಲ್ಲುತ್ತದೆ. ಅಗಲ ಕಡಿಮೆ ಇರುವುದರಿಂದ ಸುತ್ತ ಒಂದು ರಬ್ಬರ್ ಉಂಗುರ ಬೇಕಾಗುತ್ತದೆ. ಅಂಟಿನ ಪಟ್ಟಿ ಕಿತ್ತು ಗಾಳಿ ಸೇರಿದೊಡನೆ ಸೆಲ್ಲಿನ ಆಯುಸ್ಸು ಶುರು, ಕ್ಯಾಮೆರಾ ಬಳಸಿದರೂ ಬಿಟ್ಟರೂ ಒಂದೆರಡು ತಿಂಗಳಲ್ಲಿ ಮುಗಿಯುತ್ತದೆ.

ಮೀಟರ್ ಸರಿಯಿದೆಯೇ ಎಂದು ತಿಳಿಯಲು ಬಿಸಿಲೇ ಒರೆಗಲ್ಲು. ಮೋಡವಿಲ್ಲದ ನಡು ಹಗಲಿನಲ್ಲಿ ಎಫ್/16ಕ್ಕೆ ಶಟರ್ ವೇಗ ಫಿಲ್ಮಿನ ಐಎಸ್‌ಒದಷ್ಟೇ: ಐಎಸ್‌ಒ 100ಕ್ಕೆ ಹತ್ತಿರದ 1/125. ತೆಳು ಮೋಡಕ್ಕೆ ಎಫ್/11, ಮೋಡಕ್ಕೆ ಎಫ್/8, ದಟ್ಟ ಮೋಡಕ್ಕೆ ಎಫ್/5.6. ನಿಮ್ಮೂರಿನ ಜುಲೈ ಮಳೆಗೆ ಈ ಪಟ್ಟಿ ಸಾಲದು, ಇನ್ನೂ ಎರಡು ಸ್ಟಾಪ್ ತೆರೆಯಿರಿ. ಕಲರ್ ನೆಗೆಟಿವ್ ಫಿಲ್ಮ್ ಬೆಳಕು ಎರಡು ಸ್ಟಾಪ್ ಹೆಚ್ಚಾದರೂ ತಡೆದುಕೊಳ್ಳುತ್ತದೆ, ಕಡಿಮೆಯಾದರೆ ಕ್ಷಮಿಸುವುದಿಲ್ಲ.

ಪ್ರ: ಅಡಿಕೆ ಎಲೆಚುಕ್ಕೆ ರೋಗದ ಫೋಟೊ ಮೊಬೈಲಿನಲ್ಲಿ ತೆಗೆದು ಕೃಷಿ ವಿಜ್ಞಾನಿಗಳಿಗೆ ಕಳಿಸಿದರೆ ‘ಬಣ್ಣ ಸರಿಯಾಗಿ ತಿಳಿಯುತ್ತಿಲ್ಲ’ ಎನ್ನುತ್ತಾರೆ. ಮೊಬೈಲಿನಲ್ಲಿ ಎಲೆ ಆರೋಗ್ಯವಾಗಿಯೇ ಕಾಣುತ್ತದೆ!
— ಕೃಷಿಕರು, ತೀರ್ಥಹಳ್ಳಿ

ಉ: ಮೊಬೈಲು ಎಲೆಯನ್ನು ಗುರುತಿಸಿ ‘ಹಸಿರು ಚೆನ್ನಾಗಿರಲಿ’ ಎಂದು ತಾನೇ ಬಣ್ಣ ಏರಿಸುತ್ತದೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ‘ಸೀನ್ ಆಪ್ಟಿಮೈಸರ್’ ಅಥವಾ ‘ಎಐ’ ಎಂದಿರುವುದನ್ನು ಆರಿಸಿ. ತೋಟದೊಳಗೆ ತೆಗೆಯಬೇಡಿ, ಅಲ್ಲಿ ಬೀಳುವ ಬೆಳಕು ಸೋಗೆಗಳನ್ನು ಹಾದು ಬಂದ ಹಸಿರು. ಎಲೆ ಕಿತ್ತು ಅಂಗಳಕ್ಕೆ ತಂದು, ಮನೆಯ ನೆರಳಿನಲ್ಲಿ, ಮೇಲೆ ಆಕಾಶ ತೆರೆದಿರುವ ಕಡೆ ಬೂದು ಅಥವಾ ಕಪ್ಪು ಬಟ್ಟೆಯ ಮೇಲಿಡಿ. ಬಿಳಿ ಕಾಗದ ಹಾಸಿದರೆ ಮೊಬೈಲು ಎಲೆಯನ್ನು ಕಪ್ಪಾಗಿಸುತ್ತದೆ. ಜೊತೆಗೆ ಕಾಗದದಲ್ಲಿ ಬೆಳ್ಳಗೆ ಕಾಣಲೆಂದು ಬೆರೆಸಿದ ರಾಸಾಯನಿಕವು ನೀಲಿ ಸೂಸುತ್ತದೆ, ಅದನ್ನು ಬಿಳಿಯ ಮಾನವಾಗಿ ಹಿಡಿಯಲಾಗದು.

ಗ್ರೇ ಕಾರ್ಡ್ ಇಲ್ಲದವರಿಗೆ ಅಗ್ಗದ ಬದಲಿ ಪ್ಲಂಬರ್ ಬಳಸುವ ಬಿಳಿ ಟೆಫ್ಲಾನ್ ಟೇಪು. ಅದರಲ್ಲಿ ನೀಲಿ ಸೂಸುವ ಬೆರಕೆ ಇಲ್ಲ, ಎಲ್ಲ ಬಣ್ಣದ ಬೆಳಕನ್ನೂ ಸಮನಾಗಿ ಮರಳಿಸುತ್ತದೆ. ಒಂದು ಪದರ ಅರೆಪಾರದರ್ಶಕ, ಆದ್ದರಿಂದ ಬೆಂಕಿಪೊಟ್ಟಣದ ರಟ್ಟಿಗೆ ಹತ್ತು–ಹನ್ನೆರಡು ಸುತ್ತು ಸುತ್ತಿ ಎಲೆಯ ಪಕ್ಕ ಇಟ್ಟು ತೆಗೆಯಿರಿ. ನೋಡುವವರು ಅದರ ಮೇಲೆ ಪಿಪೆಟ್ ಒತ್ತಿ ಬಣ್ಣ ಸರಿಮಾಡಿಕೊಳ್ಳಬಹುದು. ಚುಕ್ಕೆಯ ಮೇಲೆ ಬೆರಳು ಒತ್ತಿಹಿಡಿದು ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ, ಟೇಪಿನ ಬಿಳಿ ಸುಡದಷ್ಟು ಸೂರ್ಯನ ಚಿಹ್ನೆಯನ್ನು ಕೆಳಗೆ ಎಳೆಯಿರಿ. ಕಳಿಸುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದಲ್ಲ, ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ. ಫೋಟೊ ಎಂದು ಕಳಿಸಿದರೆ ಅದು ಕುಗ್ಗಿ, ಚುಕ್ಕೆಯ ಸುತ್ತಲಿನ ಹಳದಿ ವರ್ತುಲ ಅಲ್ಲೇ ಅಳಿಸಿಹೋಗುತ್ತದೆ.